ಅಜ್ಜ-ಅಜ್ಜಿಯರ ಡಿಸೆಂಬರ್ ಗಡುವು

ಅಮೆರಿಕದಲ್ಲಿ 65 ದಾಟಿದವರಿಗೆ ಪ್ರತಿವರ್ಷ ಚಳಿಗಾಲಕ್ಕೆ ಮುಂಚೆ ಒಂದು ಅವಕಾಶ: ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪ್ಲ್ಯಾನ್ ಹಿಡಿಸದಿದ್ದರೆ ಬಿಟ್ಟು ಬೇರೆಯದನ್ನು ಹಿಡಿಯಬಹುದು. ಅದಕ್ಕೆ ಅರ್ಧ ಗಂಟೆ ಸಾಕು. ಬಿಟ್ಟದ್ದನ್ನು ಮತ್ತೆ ಹಿಡಿಯಲು ಹೊರಟವರಿಗೆ ಮಾತ್ರ ಕಂಪನಿಗಳು ಆರೋಗ್ಯದ ಜಾತಕ ಕೇಳುತ್ತವೆ. ಗಡುವು ಡಿಸೆಂಬರ್ 7.

2025ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂದು ಕನ್ನಡದ ಮನೆ. ನಿನ್ನೆ ಉಳಿದ ಬಿಸಿಬೇಳೆಬಾತಿನ ಪಾತ್ರೆಯನ್ನು ಮೇಜಿನ ಅಂಚಿಗೆ ಸರಿಸಿ, ಬಾಸ್ಟನ್ನಿನಿಂದ ಬಂದ ಮಗಳು ಲ್ಯಾಪ್‌ಟಾಪ್ ತೆರೆದು ಕೂತಿದ್ದಾಳೆ. ಎದುರಿಗೆ ಅಪ್ಪ. ಕಿತ್ತಳೆ ಬಣ್ಣದ ಔಷಧದ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದಾರೆ.

“ಇದು ಬಿಪಿದು. ಇದು ಶುಗರ್‌ದು. ಇದು ರಕ್ತ ತೆಳು ಮಾಡೋದು.”

“ಅಪ್ಪಾ, ಕಾಯಿಲೆ ಹೆಸರು ಬೇಡ. ಡಬ್ಬಿ ಮೇಲೆ ಏನು ಬರೆದಿದೆ ಅದನ್ನ ಓದಿ. ಎಷ್ಟು ಎಂಜಿ ಅಂತಲೂ ಹೇಳಿ.”

ಒಳಗಿನಿಂದ ಅಮ್ಮನ ದನಿ: “ಹೋದ ವರ್ಷದ್ದೇ ಇರಲಿ ಬಿಡೇ. ಚೆನ್ನಾಗೇ ಇದೆಯಲ್ಲ!”

ಚೆನ್ನಾಗೇ ಇತ್ತು. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ವಿಮಾ ಕಂಪನಿಯಿಂದ ಒಂದು ದಪ್ಪ ಲಕೋಟೆ ಬಂದಿತ್ತು. ಜಾಹೀರಾತಿನ ಕಾಗದಗಳ ಜೊತೆ ಅದೂ ಫ್ರಿಜ್ ಮೇಲೆ ಸೇರಿತ್ತು. ಮಗಳು ಅದನ್ನು ಒಡೆದು ನೋಡಿದರೆ, ಜನವರಿಯಿಂದ ಶುಗರ್ ಮಾತ್ರೆ ದುಬಾರಿ ದರ್ಜೆಗೆ ಏರಿದೆ. ಆಸ್ಪತ್ರೆಗೆ ಸೇರಿದರೆ ದಿನಕ್ಕೆ ಕೈಯಿಂದ ಕೊಡಬೇಕಾದ ಮೊತ್ತವೂ ಹೆಚ್ಚಿದೆ. ಪ್ರೀಮಿಯಂ ಮಾತ್ರ ಹಾಗೇ ಇದೆ, ಸೊನ್ನೆ. ಅದನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದಾರೆ.

ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಅಮೆರಿಕದ ಮನೆಮನೆಗಳಲ್ಲಿ ಇದೇ ನೋಟ. ‘ಓಪನ್ ಎನ್‌ರೋಲ್‌ಮೆಂಟ್’ ಎಂದು ಇದರ ಹೆಸರು. ಈ ಅವಧಿಯಲ್ಲಿ ಆರಿಸಿದ ಪ್ಲ್ಯಾನ್ ಜನವರಿ 1ರಿಂದ ಜಾರಿಗೆ ಬರುತ್ತದೆ. ಟಿವಿ ಹಾಕಿದರೆ ಪ್ಲ್ಯಾನ್, ಅಂಚೆಪೆಟ್ಟಿಗೆ ತೆರೆದರೆ ಪ್ಲ್ಯಾನ್, ಗೊತ್ತಿಲ್ಲದ ನಂಬರಿನ ಫೋನ್ ಎತ್ತಿದರೆ ಪ್ಲ್ಯಾನ್. ಫುಟ್‌ಬಾಲ್ ತಾರೆ ಜೋ ನೇಮತ್ ವರ್ಷಗಳ ಕಾಲ ಟಿವಿಯಲ್ಲಿ ಹಲ್ಲು, ಕಣ್ಣು, ಕಿವಿಯ ಸೌಲಭ್ಯಗಳನ್ನು ಪಟ್ಟಿ ಮಾಡಿ ‘ಈಗಲೇ ಫೋನ್ ಮಾಡಿ’ ಎನ್ನುತ್ತಿದ್ದರು. ಇಂಥ ಜಾಹೀರಾತುಗಳು ಸರ್ಕಾರದ ಪ್ರಕಟಣೆಯೆಂಬ ಭ್ರಮೆ ಹುಟ್ಟಿಸುತ್ತವೆ ಎಂಬ ದೂರು ಬೆಳೆದಾಗ 2023ರಲ್ಲಿ ನಿಯಮ ಬಿಗಿಯಾಯಿತು. ಯಾವ ಪ್ಲ್ಯಾನ್ ಎಂದು ಹೆಸರು ಹೇಳದೆ ಜಾಹೀರಾತು ಮಾಡುವಂತಿಲ್ಲ, ಮೆಡಿಕೇರ್ ಲಾಂಛನ ತೋರಿಸಿ ದಾರಿ ತಪ್ಪಿಸುವಂತಿಲ್ಲ ಎಂದಾಯಿತು. ಫೋನ್‌ಗಳೇನೂ ನಿಂತಿಲ್ಲ.

ಒಬ್ಬ ಅಧ್ಯಕ್ಷ, ಎರಡು ಸಹಿ

ಮೆಡಿಕೇರ್‌ಗೆ 2025ರಲ್ಲಿ ಅರವತ್ತು ತುಂಬಿತು. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಷಿಂಗ್ಟನ್ ಬಿಟ್ಟು ಮಿಸೌರಿಯ ಇಂಡಿಪೆಂಡೆನ್ಸ್ ಎಂಬ ಊರಿಗೆ ಹೋಗಿ ಈ ಕಾನೂನಿಗೆ ಸಹಿ ಹಾಕಿದರು. ಅದು ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಊರು. 1945ರಲ್ಲೇ ರಾಷ್ಟ್ರೀಯ ಆರೋಗ್ಯ ವಿಮೆ ಬೇಕೆಂದು ಸಂಸತ್ತಿಗೆ ಬರೆದು ಸೋತಿದ್ದ ಟ್ರೂಮನ್‌ಗೆ ಆಗ 81 ವರ್ಷ. ಮೊದಲ ಮೆಡಿಕೇರ್ ಕಾರ್ಡ್ ಅವರದು, ಎರಡನೆಯದು ಪತ್ನಿ ಬೆಸ್ ಅವರದು.

ಅದೇ ಜಾನ್ಸನ್ ಅದೇ ವರ್ಷ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಮತ್ತೊಂದು ಕಾನೂನಿಗೆ ಸಹಿ ಹಾಕಿದರು. ಅದು ವಲಸೆ ಕಾಯ್ದೆ. ಏಷ್ಯಾದವರಿಗೆ ಹೆಚ್ಚುಕಡಿಮೆ ಮುಚ್ಚಿದ್ದ ಬಾಗಿಲು ತೆರೆದದ್ದು ಅದರಿಂದಲೇ. ಮೈಸೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಓದಿದ ಡಾಕ್ಟರುಗಳು, ಸುರತ್ಕಲ್‌ನ ಎಂಜಿನಿಯರುಗಳು ಸೂಟ್‌ಕೇಸ್ ಹಿಡಿದು ಹೊರಟರು. ಒಂದು ಸಹಿಯಿಂದ ದೇಶದೊಳಗೆ ಬಂದ ಆ ತರುಣರೇ ಇವತ್ತು ಇನ್ನೊಂದು ಸಹಿಯ ಫಲಾನುಭವಿಗಳು.

ಜಾನ್ಸನ್ ಕಾಲದ ಮೆಡಿಕೇರ್ ಸರಳವಾಗಿತ್ತು. ಆಸ್ಪತ್ರೆಗೆ ‘ಪಾರ್ಟ್ ಎ’, ಡಾಕ್ಟರ್ ಖರ್ಚಿಗೆ ‘ಪಾರ್ಟ್ ಬಿ’. ಆರಿಸುವ ತಲೆನೋವು ಇರಲಿಲ್ಲ. 1997ರಲ್ಲಿ ಖಾಸಗಿ ಕಂಪನಿಗಳ ಪ್ಲ್ಯಾನ್‌ಗಳಿಗೆ ‘ಪಾರ್ಟ್ ಸಿ’ ಎಂಬ ಮನೆ ಕಟ್ಟಿದರು. 2003ರ ಕಾನೂನು ಅದಕ್ಕೆ ‘ಮೆಡಿಕೇರ್ ಅಡ್ವಾಂಟೇಜ್’ ಎಂದು ಹೆಸರಿಟ್ಟಿತು. 2006ರಲ್ಲಿ ಔಷಧಕ್ಕೆ ‘ಪಾರ್ಟ್ ಡಿ’ ಬಂತು. ಈಗ ಒಬ್ಬ ಹಿರಿಯರ ಮುಂದೆ ಸರಾಸರಿ ನಲವತ್ತರ ಆಸುಪಾಸು ಅಡ್ವಾಂಟೇಜ್ ಪ್ಲ್ಯಾನ್‌ಗಳಿವೆ. ಮದುವೆಗೆ ಸೀರೆ ಆರಿಸುವವರೂ ಇಷ್ಟು ನೋಡುವುದಿಲ್ಲ. ಬಹುತೇಕರು ಪ್ಲ್ಯಾನ್‌ಗಳನ್ನೂ ನೋಡುವುದಿಲ್ಲ ಎನ್ನುವುದು ಬೇರೆ ಮಾತು: ಆರೋಗ್ಯ ನೀತಿಯ ಅಧ್ಯಯನ ನಡೆಸುವ ಕೆಎಫ್‌ಎಫ್ ಸಂಸ್ಥೆಯ ವಿಶ್ಲೇಷಣೆಯಲ್ಲಿ, ಹತ್ತರಲ್ಲಿ ಸುಮಾರು ಏಳು ಮಂದಿ ಈ ಅವಧಿಯಲ್ಲಿ ಒಂದನ್ನು ಇನ್ನೊಂದರ ಜೊತೆ ಹೋಲಿಸಿಯೇ ಇರಲಿಲ್ಲ.

ಬಾಕ್ಸ್ | 2026ರ ಲೆಕ್ಕ, ಡಾಲರುಗಳಲ್ಲಿ

ಪಾರ್ಟ್ ಬಿ ಪ್ರೀಮಿಯಂ, ತಿಂಗಳಿಗೆ: 202.90 (2025ರಲ್ಲಿ 185)
ಪಾರ್ಟ್ ಬಿ ಅಡಿ ಮೊದಲು ಕೈಯಿಂದ ಕಟ್ಟಬೇಕಾದದ್ದು, ವರ್ಷಕ್ಕೆ: 283
ಪಾರ್ಟ್ ಎ ಅಡಿ ಆಸ್ಪತ್ರೆಗೆ ಸೇರಿದಾಗ ಮೊದಲು ಕೈಯಿಂದ: 1,736
ಪಾರ್ಟ್ ಡಿ ಔಷಧಕ್ಕೆ ಕೈಯಿಂದ ಹೋಗುವ ಹಣದ ಮಿತಿ, ವರ್ಷಕ್ಕೆ: 2,100
ಇನ್ಸುಲಿನ್, ತಿಂಗಳಿಗೆ ಗರಿಷ್ಠ: 35
ಅಡ್ವಾಂಟೇಜ್ ಪ್ಲ್ಯಾನ್‌ನ ನೆಟ್‌ವರ್ಕ್ ಒಳಗೆ ಕೈಯಿಂದ ಹೋಗಬಹುದಾದ ಗರಿಷ್ಠ, ವರ್ಷಕ್ಕೆ: 9,250

ಹೋಗುವುದು ಸುಲಭ

ಎರಡು ದಾರಿಗಳಿವೆ. ಒಂದು, ಸರ್ಕಾರವೇ ನಡೆಸುವ ಮೂಲ ಮೆಡಿಕೇರ್. ದೇಶದಲ್ಲಿ ಮೆಡಿಕೇರ್ ಒಪ್ಪುವ ಯಾವ ಡಾಕ್ಟರ್ ಬಳಿಗಾದರೂ ಹೋಗಬಹುದು, ಯಾರ ಅಪ್ಪಣೆಯೂ ಬೇಡ. ಆದರೆ ಡಾಕ್ಟರ್ ಬಿಲ್ಲಿನ ಶೇ 20ರಷ್ಟು ನಮ್ಮ ಪಾಲು, ಅದಕ್ಕೆ ಮೇಲ್ಮಿತಿಯೇ ಇಲ್ಲ. ಲಕ್ಷ ಡಾಲರ್ ಬಿಲ್ಲಾದರೆ ಇಪ್ಪತ್ತು ಸಾವಿರ. ಈ ಕಂದಕ ತುಂಬಲು ‘ಮೆಡಿಗ್ಯಾಪ್’ ಎಂಬ ಪೂರಕ ಪಾಲಿಸಿ ಕೊಳ್ಳಬೇಕು, ಔಷಧಕ್ಕೆ ಪಾರ್ಟ್ ಡಿ ಬೇರೆ. ತಿಂಗಳ ಖರ್ಚು ಏರುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ.

ಇನ್ನೊಂದು ಅಡ್ವಾಂಟೇಜ್. ಸರ್ಕಾರ ತಲೆಗೆ ಇಷ್ಟೆಂದು ಖಾಸಗಿ ಕಂಪನಿಗೆ ಹಣ ಕೊಡುತ್ತದೆ, ಉಳಿದದ್ದು ಕಂಪನಿಯ ಜವಾಬ್ದಾರಿ. ಪಾರ್ಟ್ ಬಿ ಪ್ರೀಮಿಯಂ ಕಟ್ಟುತ್ತಿದ್ದರೆ ಸಾಕು, ಬಹಳಷ್ಟು ಪ್ಲ್ಯಾನ್‌ಗಳಿಗೆ ಅದರ ಮೇಲೆ ಪೈಸೆಯೂ ಬೇಡ. ಮೂಲ ಮೆಡಿಕೇರ್ ಮುಟ್ಟದ ಹಲ್ಲು, ಕನ್ನಡಕ, ಕಿವಿಯ ಯಂತ್ರ, ಜಿಮ್ ಎಲ್ಲ ಇದರಲ್ಲಿ ಸೇರಿರಬಹುದು. 2025ರಲ್ಲಿ ಅರ್ಹರಲ್ಲಿ ಶೇ 54ರಷ್ಟು ಮಂದಿ ಇದರಲ್ಲೇ ಇದ್ದರು. ಅವರೆಲ್ಲ ಮೋಸ ಹೋದವರು ಎನ್ನುವ ವಾದ ನನ್ನದಲ್ಲ. ಗಟ್ಟಿಮುಟ್ಟಾಗಿರುವ, ಒಂದೇ ಊರಲ್ಲಿ ನೆಲೆನಿಂತ, ಹತ್ತಿರದ ಆಸ್ಪತ್ರೆಯಲ್ಲೇ ತೃಪ್ತರಾದವರಿಗೆ ಇದು ಉಳಿತಾಯದ ಪ್ಲ್ಯಾನ್.

ತೊಡಕು ಕಾಯಿಲೆ ದೊಡ್ಡದಾದಾಗ. ಡಾಕ್ಟರ್ ಸಾಮಾನ್ಯವಾಗಿ ಕಂಪನಿಯ ನೆಟ್‌ವರ್ಕಿನೊಳಗೇ ಇರಬೇಕು. ಸ್ಕ್ಯಾನಿಗೆ, ಶಸ್ತ್ರಚಿಕಿತ್ಸೆಗೆ, ಪುನರ್ವಸತಿ ಕೇಂದ್ರಕ್ಕೆ ಕಂಪನಿಯ ಪೂರ್ವಾನುಮತಿ ಬೇಕಾಗಬಹುದು. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2022ರಲ್ಲಿ ಇಂಥ ತಿರಸ್ಕಾರಗಳ ಮಾದರಿ ತೆಗೆದು ಪರಿಶೀಲಿಸಿತು. ಅವುಗಳಲ್ಲಿ ಶೇ 13ರಷ್ಟು, ಮೂಲ ಮೆಡಿಕೇರ್‌ನ ನಿಯಮದ ಪ್ರಕಾರ ಒಪ್ಪಲೇಬೇಕಾಗಿದ್ದ ಕೋರಿಕೆಗಳು.

ಒಂದು ಅಡ್ವಾಂಟೇಜ್ ಪ್ಲ್ಯಾನ್‌ನಿಂದ ಇನ್ನೊಂದಕ್ಕೆ ಜಿಗಿಯುವುದಕ್ಕೆ ಕಷ್ಟವಿಲ್ಲ. ಸಕ್ಕರೆ ಕಾಯಿಲೆ ಇದೆ, ಸ್ಟೆಂಟ್ ಹಾಕಿದ್ದಾರೆ ಎಂದು ಯಾವ ಕಂಪನಿಯೂ ಬಾಗಿಲು ಹಾಕುವಂತಿಲ್ಲ. ಹೊಸದಕ್ಕೆ ಸೇರಿದರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ. ಹಳೆಯ ಕಂಪನಿಗೆ ಫೋನ್ ಮಾಡಿ ‘ನಿಮ್ಮದು ಬೇಡ’ ಎಂದು ಮುಂಚೆಯೇ ಹೇಳುವ ನಮ್ಮವರ ಸೌಜನ್ಯ ಇಲ್ಲಿ ಅಪಾಯಕಾರಿ: ಹೊಸದು ಖಾತ್ರಿಯಾಗುವ ಮೊದಲೇ ಇದ್ದದ್ದೂ ಹೋದೀತು. ಮೆಡಿಗ್ಯಾಪ್ ಮಾತ್ರ ತಾನಾಗಿ ರದ್ದಾಗುವುದಿಲ್ಲ. ಅದನ್ನು ನಾವೇ ನಿಲ್ಲಿಸಬೇಕು, ಇಲ್ಲದಿದ್ದರೆ ಕೆಲಸಕ್ಕೆ ಬಾರದ ಪಾಲಿಸಿಗೆ ಪ್ರೀಮಿಯಂ ಕಟ್ಟುತ್ತಲೇ ಇರುತ್ತೇವೆ.

ವಾಪಸ್ ಬರುವವರಿಗೆ

ಜಾಹೀರಾತುಗಳು ಮರೆಯುವ ವಿಷಯ ಇಲ್ಲಿದೆ.

65ರಲ್ಲಿ ಸೊನ್ನೆ ಪ್ರೀಮಿಯಂ ನೋಡಿ ಅಡ್ವಾಂಟೇಜ್ ಸೇರಿದವರು 71ರಲ್ಲಿ ಕ್ಯಾನ್ಸರ್ ಎಂದು ತಿಳಿದಾಗ, ದೊಡ್ಡ ಆಸ್ಪತ್ರೆ ನೆಟ್‌ವರ್ಕಿನಲ್ಲಿಲ್ಲವೆಂದು ಮೂಲ ಮೆಡಿಕೇರ್‌ಗೆ ಮರಳಲು ಬಯಸುತ್ತಾರೆ. ಮರಳಬಹುದು. ಸರ್ಕಾರ ತಡೆಯುವುದಿಲ್ಲ. ಆದರೆ ಆ ಶೇ 20ರ ಕಂದಕ ತುಂಬುವ ಮೆಡಿಗ್ಯಾಪ್? ಅದನ್ನು ಕೇಳಿದವರಿಗೆಲ್ಲ ಕೊಡಲೇಬೇಕೆಂಬ ನಿಯಮ, 65 ತುಂಬಿ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳಿಗೆ ಮಾತ್ರ. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ಆರೋಗ್ಯದ ಪ್ರಶ್ನೆಗಳನ್ನು ಕೇಳುತ್ತದೆ. ಉತ್ತರ ಹಿಡಿಸದಿದ್ದರೆ ದರ ಏರಿಸಬಹುದು, ‘ಆಗುವುದಿಲ್ಲ’ ಎಂದೂ ಹೇಳಬಹುದು. ಯಾರಿಗೆ ಪಾಲಿಸಿ ತುರ್ತಾಗಿ ಬೇಕೋ ಅವರಿಗೇ ಸಿಗದಿರುವ ಸಾಧ್ಯತೆ ಹೆಚ್ಚು.

ಕನೆಕ್ಟಿಕಟ್, ನ್ಯೂಯಾರ್ಕ್, ಮೆಸಾಚುಸೆಟ್ಸ್, ಮೇನ್ ಈ ನಾಲ್ಕು ರಾಜ್ಯಗಳಲ್ಲಿ ಹಿರಿಯರಿಗೆ ಈ ವಿಷಯದಲ್ಲಿ ವಿಶೇಷ ರಕ್ಷಣೆಯಿದೆ. ನಮ್ಮವರು ಹೆಚ್ಚಾಗಿರುವ ನ್ಯೂಜೆರ್ಸಿ, ಟೆಕ್ಸಸ್, ಇಲಿನಾಯ್ ಆ ಪಟ್ಟಿಯಲ್ಲಿಲ್ಲ. ಹಡ್ಸನ್ ನದಿಯ ಆಚೆ ದಡದಲ್ಲಿ ಸಿಗುವ ಹಕ್ಕು ಈಚೆ ದಡದಲ್ಲಿ ಸಿಗುವುದಿಲ್ಲ! ಕ್ಯಾಲಿಫೋರ್ನಿಯಾದಲ್ಲಿ ‘ಹುಟ್ಟುಹಬ್ಬದ ನಿಯಮ’ ಎಂಬುದೊಂದಿದೆ: ಹುಟ್ಟುಹಬ್ಬದಿಂದ 60 ದಿನಗಳೊಳಗೆ ಆರೋಗ್ಯದ ಪ್ರಶ್ನೆಯಿಲ್ಲದೆ ಮೆಡಿಗ್ಯಾಪ್ ಬದಲಿಸಬಹುದು. ಆದರೆ ಆಗಲೇ ಮೆಡಿಗ್ಯಾಪ್ ಇದ್ದವರಿಗಷ್ಟೇ, ಅದೂ ಇದ್ದಷ್ಟೇ ಅಥವಾ ಅದಕ್ಕಿಂತ ಕಡಿಮೆ ಸೌಲಭ್ಯದ ಪಾಲಿಸಿಗೆ.

ಭಾರತದಲ್ಲಿ ಪಾಲಿಸಿ ‘ಪೋರ್ಟ್’ ಮಾಡಿದವರಿಗೆ ಈ ನೋವು ಅರ್ಧ ಅರ್ಥವಾದೀತು. ಇಲ್ಲಿ 2011ರಿಂದ ಕಂಪನಿ ಬದಲಿಸುವ ಹಕ್ಕಿದೆ, ಹಳೆಯ ಪಾಲಿಸಿಯಲ್ಲಿ ಕಾದ ವರ್ಷಗಳು ಹೊಸದರಲ್ಲೂ ಲೆಕ್ಕಕ್ಕೆ ಬರುತ್ತವೆ. ಆದರೂ ಅರವತ್ತೈದರ ಸಕ್ಕರೆ ಕಾಯಿಲೆಯವರನ್ನು ಕಂಡು ಹೊಸ ಕಂಪನಿ ಮುಖ ತಿರುಗಿಸುವುದು ನಮಗೂ ಹೊಸತಲ್ಲ.

ಹಿಂದಿರುಗಲು ದೇಶದಾದ್ಯಂತ ಕೆಲವು ಕಿಟಕಿಗಳು ತೆರೆದಿವೆ, ಅವುಗಳಲ್ಲಿ ಎರಡು ಮುಖ್ಯ. 65ಕ್ಕೆ ಮೊದಲ ಬಾರಿ ಮೆಡಿಕೇರ್ ಸಿಕ್ಕಾಗಲೇ ಅಡ್ವಾಂಟೇಜ್ ಸೇರಿದವರು, ಅಥವಾ ಮೆಡಿಗ್ಯಾಪ್ ಬಿಟ್ಟು ಮೊದಲ ಸಲ ಅದಕ್ಕೆ ಹೋದವರು, ಒಂದು ವರ್ಷದೊಳಗೆ ಮನಸ್ಸು ಬದಲಿಸಿದರೆ ಮೆಡಿಗ್ಯಾಪ್ ಹಕ್ಕು ಉಳಿಯುತ್ತದೆ. ಇನ್ನೊಂದು ವಿಚಿತ್ರ. ಕಂಪನಿಯೇ ನಿಮ್ಮ ಊರಿನಿಂದ ಪ್ಲ್ಯಾನ್ ವಾಪಸ್ ತೆಗೆದುಕೊಂಡರೆ, ರಕ್ಷಣೆ ಮುಗಿದ 63 ದಿನಗಳವರೆಗೆ ಆರೋಗ್ಯದ ಪ್ರಶ್ನೆಯಿಲ್ಲದೆ ಮೆಡಿಗ್ಯಾಪ್ ಕೊಳ್ಳಬಹುದು. 2026ಕ್ಕೆ ದೊಡ್ಡ ಕಂಪನಿಗಳು ಹಲವು ಕೌಂಟಿಗಳಿಂದ ಕಾಲ್ತೆಗೆದಿವೆ. ‘ನಿಮ್ಮ ಪ್ಲ್ಯಾನ್ ನಿಲ್ಲುತ್ತಿದೆ’ ಎಂಬ ಪತ್ರ ಬಂದವರು ಗಾಬರಿಯಾಗಿ ಸಿಕ್ಕಿದ ಇನ್ನೊಂದು ಅಡ್ವಾಂಟೇಜ್‌ಗೆ ಹಾರುತ್ತಾರೆ. ಕೈಯಲ್ಲಿರುವ ಕಾಗದ ಎಷ್ಟು ಬೆಲೆಯದು ಎಂದು ಅವರಿಗೆ ಹೇಳುವವರು ಕಡಿಮೆ. ಹೊಸಬರನ್ನು ಅಡ್ವಾಂಟೇಜ್‌ಗೆ ಸೇರಿಸಿದರೆ ಏಜೆಂಟರಿಗೆ ತಲೆಗೆ ಆರುನೂರು ಡಾಲರಿಗೂ ಹೆಚ್ಚು ಕಮಿಷನ್ ಸಿಗಬಹುದು ಎಂಬುದನ್ನೂ ನೆನಪಿನಲ್ಲಿಡಬೇಕು. ಕಮಿಷನ್ನಿನ ಹಂಗಿಲ್ಲದ ಸಲಹೆ ಬೇಕಾದವರಿಗೆ ಪ್ರತಿ ರಾಜ್ಯದಲ್ಲೂ ‘ಶಿಪ್’ ಎಂಬ ಉಚಿತ ಸಲಹಾ ಕೇಂದ್ರವಿದೆ.

ಬಾಕ್ಸ್ | ಗಡುವು ತಪ್ಪಿದವರಿಗೆ

ಜನವರಿ 1ರಿಂದ ಮಾರ್ಚ್ 31: ಆಗಲೇ ಅಡ್ವಾಂಟೇಜ್‌ನಲ್ಲಿ ಇರುವವರು ಒಮ್ಮೆ ಮಾತ್ರ ಇನ್ನೊಂದು ಅಡ್ವಾಂಟೇಜ್‌ಗೆ ಅಥವಾ ಮೂಲ ಮೆಡಿಕೇರ್‌ಗೆ ಬದಲಾಗಬಹುದು. ಮೂಲ ಮೆಡಿಕೇರ್‌ನಲ್ಲಿ ಇರುವವರಿಗೆ ಈ ಅವಕಾಶವಿಲ್ಲ.

ಡಿಸೆಂಬರ್ 8ರಿಂದ ಮುಂದಿನ ನವೆಂಬರ್ 30: ಮೆಡಿಕೇರ್‌ನ ಗುಣಮಟ್ಟದ ಅಳತೆಯಲ್ಲಿ ಐದು ನಕ್ಷತ್ರ ಪಡೆದ ಪ್ಲ್ಯಾನ್ ಊರಲ್ಲಿ ಇದ್ದರೆ ಒಮ್ಮೆ ಅದಕ್ಕೆ ಸೇರಬಹುದು.

ಮನೆ ಬದಲಿಸಿ ಪ್ಲ್ಯಾನ್‌ನ ವ್ಯಾಪ್ತಿಯಿಂದ ಹೊರಹೋದವರಿಗೆ, ಪ್ಲ್ಯಾನ್ ನಿಂತುಹೋದವರಿಗೆ ವಿಶೇಷ ಅವಧಿಗಳು ಬೇರೆ.

ಡಬ್ಬಿಗಳ ಲೆಕ್ಕ

ಎಡಿಸನ್‌ನ ಮೇಜಿಗೆ ಬರೋಣ. ಮಗಳು ಮೆಡಿಕೇರ್‌ನ ಜಾಲತಾಣದಲ್ಲಿ ಅಂಚೆ ಪಿನ್ ಕೋಡ್ ಹಾಕಿ, ಔಷಧಗಳನ್ನು ಒಂದೊಂದಾಗಿ ಸೇರಿಸಿ, ಅಪ್ಪ ಹೋಗುವ ಔಷಧದಂಗಡಿಯನ್ನೂ ಗುರುತಿಸಿದ್ದಾಳೆ. ಪ್ರೀಮಿಯಂ ಮತ್ತು ಔಷಧದ ಖರ್ಚು ಎರಡನ್ನೂ ಕೂಡಿ ವರ್ಷಕ್ಕೆ ಎಷ್ಟು ಎಂಬ ಅಂಕಿ ಬರುತ್ತದೆ. ನೋಡಬೇಕಾದದ್ದು ಅದನ್ನೇ. ಸೊನ್ನೆ ಪ್ರೀಮಿಯಂ ಪ್ಲ್ಯಾನ್ ಈ ಪಟ್ಟಿಯಲ್ಲಿ ಕೆಳಕ್ಕೆ ಇಳಿಯುವುದೂ ಉಂಟು. ಅದೇ ಮಾತ್ರೆಗೆ ಎರಡು ಬೀದಿ ಆಚೆಯ ಅಂಗಡಿಯಲ್ಲಿ ಬೇರೆ ದರ ಇರುವುದೂ ಉಂಟು, ಏಕೆಂದರೆ ಪ್ರತಿ ಪ್ಲ್ಯಾನ್‌ಗೂ ತನ್ನ ಮೆಚ್ಚಿನ ಅಂಗಡಿಗಳಿವೆ.

2026ಕ್ಕೆ ಒಂದು ಹೊಸ ಸಂಗತಿ ಸೇರಿತು. 2022ರ ಕಾನೂನಿನಂತೆ ಸರ್ಕಾರ ಔಷಧ ಕಂಪನಿಗಳ ಜೊತೆ ಚೌಕಾಸಿ ಮಾಡಿ ಇಳಿಸಿದ ಹತ್ತು ಔಷಧಗಳ ದರ 2026ರ ಜನವರಿ 1ರಿಂದ ಜಾರಿಗೆ ಬಂತು. ಸಕ್ಕರೆ ಕಾಯಿಲೆಯ ಜನುವಿಯಾ ಮಾತ್ರೆಗೆ ತಿಂಗಳಿಗೆ 527 ಡಾಲರ್ ಇದ್ದ ಪಟ್ಟಿ ಬೆಲೆ ಮೆಡಿಕೇರ್‌ಗೆ 113 ಆಯಿತು. ರಕ್ತ ತೆಳು ಮಾಡುವ ಎಲಿಕ್ವಿಸ್ 521ರಿಂದ 231ಕ್ಕೆ ಇಳಿಯಿತು. ಇವೆರಡೂ ನಮ್ಮ ಹಿರಿಯರ ಡಬ್ಬಿಗಳಲ್ಲಿ ಆಗಾಗ ಕಾಣುವ ಹೆಸರುಗಳು. ರೋಗಿಯ ಕೈಯಿಂದ ಎಷ್ಟು ಹೋಗುತ್ತದೆ ಎಂಬುದು ಮತ್ತೆ ಪ್ಲ್ಯಾನ್ ಮೇಲೆಯೇ ನಿಂತಿದೆ.

ಔಷಧ ಮುಗಿದ ಮೇಲೆ ಡಾಕ್ಟರ್. “ನೀವು ಮೆಡಿಕೇರ್ ತಗೋತೀರಾ?” ಎಂದು ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿದರೆ “ಹೌದು” ಎಂದೇ ಉತ್ತರ. ಪ್ಲ್ಯಾನ್‌ನ ಪೂರ್ತಿ ಹೆಸರು ಹೇಳಿ, ಮುಂದಿನ ವರ್ಷವೂ ಇರುತ್ತೀರಾ ಎಂದು ಕೇಳಬೇಕು. ಒಂದೇ ಕಂಪನಿಯ ಒಂದು ಪ್ಲ್ಯಾನ್‌ನಲ್ಲಿರುವ ಡಾಕ್ಟರ್ ಇನ್ನೊಂದರಲ್ಲಿ ಇರದಿರಬಹುದು.

ಹಸಿರು ಕಾರ್ಡಿನ ತಂದೆತಾಯಿ

ಮಕ್ಕಳ ಜೊತೆಗಿರಲು ನಿವೃತ್ತಿಯ ನಂತರ ಹೋದವರ ಕಥೆ ಬೇರೆ. ಗ್ರೀನ್ ಕಾರ್ಡ್ ಇದ್ದರೂ, 65 ದಾಟಿದ್ದರೂ, ಮೆಡಿಕೇರ್ ಸಿಗಲು ಸತತ ಐದು ವರ್ಷ ಅಲ್ಲಿ ನೆಲೆಸಿರಬೇಕು. ಹತ್ತು ವರ್ಷದ ದುಡಿಮೆ, ಅಂದರೆ ನಲವತ್ತು ತ್ರೈಮಾಸಿಕಗಳ ತೆರಿಗೆ, ತಮ್ಮದೋ ಗಂಡ-ಹೆಂಡತಿಯದೋ ಇದ್ದರೆ ಮಾತ್ರ ಪಾರ್ಟ್ ಎ ಉಚಿತ. ಮಗ ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದು ತಾಯಿಯ ಲೆಕ್ಕಕ್ಕೆ ಬಾರದು. ದುಡಿದೇ ಇಲ್ಲದವರಿಗೆ 2026ರಲ್ಲಿ ಪಾರ್ಟ್ ಎ ತಿಂಗಳಿಗೆ 565 ಡಾಲರ್. ಪಾರ್ಟ್ ಬಿ ಸೇರಿ 767.90. ದಂಪತಿಗೆ 1,535.80!

ಎ, ಬಿ ಎರಡರಲ್ಲಿ ಒಂದಿಲ್ಲದಿದ್ದರೂ ಅಡ್ವಾಂಟೇಜ್‌ಗೂ ಪ್ರವೇಶವಿಲ್ಲ, ಮೆಡಿಗ್ಯಾಪ್‌ಗೂ ಇಲ್ಲ. ಆದ್ದರಿಂದ ದುಬಾರಿಯೆಂದು ಪಾರ್ಟ್ ಬಿ ಮಾತ್ರ ಕೊಂಡವರಿಗೆ, ಔಷಧದ ಪ್ಲ್ಯಾನ್ ಒಂದನ್ನು ಬಿಟ್ಟರೆ, ಈ ಋತುವಿನಲ್ಲಿ ಬದಲಿಸಲು ಏನೂ ಇಲ್ಲ.

ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ

ನವೆಂಬರಿನಲ್ಲಿ ಹಿಮ ಶುರುವಾಗುವ ಹೊತ್ತಿಗೆ ಮೈಸೂರಿಗೆ ಬಂದು, ಮಾವಿನಕಾಯಿ ಉಪ್ಪಿನಕಾಯಿ ಹಾಕಿಸಿಕೊಂಡು ಹಿಂದಿರುಗುವ ದಂಪತಿಗಳು ಈಗ ಬಹಳ. ಅವರು ಪ್ಲ್ಯಾನ್ ಬದಲಿಸುವಾಗ ಹಲ್ಲು, ಕನ್ನಡಕಕ್ಕಿಂತ ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ಅಡ್ವಾಂಟೇಜ್ ಪ್ಲ್ಯಾನ್‌ನ ವ್ಯಾಪ್ತಿಯ ಹೊರಗೆ ಸತತ ಆರು ತಿಂಗಳಿಗಿಂತ ಹೆಚ್ಚು ಇದ್ದರೆ ಸಾಮಾನ್ಯವಾಗಿ ಹೆಸರು ತೆಗೆಯುತ್ತಾರೆ. ಮೊಮ್ಮಗನ ಉಪನಯನ, ಅಣ್ಣನ ಮಗಳ ಮದುವೆ ಎಂದು ಟಿಕೆಟ್ ಮುಂದೂಡುತ್ತ ಏಳನೇ ತಿಂಗಳು ತಲುಪಿದವರಿಗೆ ಈ ನಿಯಮ ಪತ್ರದ ಮೂಲಕ ಪರಿಚಯವಾಗುತ್ತದೆ, ಅದೂ ಎಡಿಸನ್‌ನ ಬೀಗ ಹಾಕಿದ ಮನೆಯ ಅಂಚೆಪೆಟ್ಟಿಗೆಯಲ್ಲಿ.

ಮೂಲ ಮೆಡಿಕೇರ್ ಭಾರತದ ಆಸ್ಪತ್ರೆಗೆ ಹಣ ಕೊಡುವುದಿಲ್ಲ. ಜಿ, ಎನ್‌ನಂಥ ಕೆಲವು ಮೆಡಿಗ್ಯಾಪ್ ಪಾಲಿಸಿಗಳು ಪ್ರವಾಸದ ಮೊದಲ 60 ದಿನಗಳಲ್ಲಿ ಶುರುವಾದ ತುರ್ತು ಚಿಕಿತ್ಸೆಗೆ, ಮೊದಲ 250 ಡಾಲರ್ ನಾವು ಕಟ್ಟಿದ ಮೇಲೆ, ಶೇ 80ರಷ್ಟು ಕೊಡುತ್ತವೆ. ಜೀವಮಾನಕ್ಕೆ 50,000 ಡಾಲರ್ ಮಿತಿ. ಅರವತ್ತೊಂದನೇ ದಿನ ಎದೆನೋವು ಬಂದರೆ ಮೈಸೂರಿನ ಖರ್ಚು ಮೈಸೂರಿನದೇ. ಕೆಲವು ಅಡ್ವಾಂಟೇಜ್ ಪ್ಲ್ಯಾನ್‌ಗಳೂ ವಿದೇಶದ ತುರ್ತು ಚಿಕಿತ್ಸೆ ಸೇರಿಸುತ್ತವೆ, ಷರತ್ತುಗಳು ಒಂದೊಂದರದು ಒಂದೊಂದು ಬಗೆ.

ಪೂರ್ತಿ ವಾಪಸ್ ಬಂದು ಕುವೆಂಪುನಗರದಲ್ಲೋ ಮಲ್ಲೇಶ್ವರದಲ್ಲೋ ನೆಲೆಸಿದವರ ಪ್ರಶ್ನೆ ಇನ್ನೂ ಕಗ್ಗಂಟಿನದು. ಉಚಿತ ಪಾರ್ಟ್ ಎ ಹಾಗೇ ಇರುತ್ತದೆ, ಅದಕ್ಕೆ ಅನ್ನ ಹಾಕಬೇಕಿಲ್ಲ. ಪಾರ್ಟ್ ಬಿಗೆ ಮಾತ್ರ ಇಲ್ಲಿ ಬಳಸಲಾಗದಿದ್ದರೂ, 2026ರ ದರದಲ್ಲಿ ತಿಂಗಳಿಗೆ 202.90 ಡಾಲರ್ ಕಟ್ಟಬೇಕು. ಬಿಟ್ಟರೆ, ಬಿಟ್ಟ ಪ್ರತಿ ಪೂರ್ಣ ವರ್ಷಕ್ಕೆ ಶೇ 10ರಂತೆ ದಂಡ, ಅದೂ ಸಾಮಾನ್ಯವಾಗಿ ಜೀವನಪರ್ಯಂತ. ಐದು ವರ್ಷ ಬಿಟ್ಟು ಮತ್ತೆ ಸೇರಿದರೆ 2026ರ ದರದಲ್ಲೇ ತಿಂಗಳಿಗೆ 304 ಡಾಲರ್ ದಾಟುತ್ತದೆ. ಸೇರುವುದಕ್ಕೂ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಗೆ ಕಾಯಬೇಕು. ಅಷ್ಟು ವರ್ಷ ಕಟ್ಟದೆ ಉಳಿಸಿದ ಹಣ ದಂಡಕ್ಕಿಂತ ಹೆಚ್ಚೇ ಎಂದು ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕುವ ನಿವೃತ್ತ ಎಂಜಿನಿಯರುಗಳಿಗೆ ಕೊರತೆಯಿಲ್ಲ. ಹೆಂಡತಿಯರು ಹಾಳೆ ನೋಡುವುದಿಲ್ಲ. ಮಗಳಿಗೆ ಇನ್ನೊಂದು ಮಗು ಆಗುವ ಯೋಚನೆ ಇದೆಯೇ ಎಂದು ಫೋನಿನಲ್ಲಿ ವಿಚಾರಿಸುತ್ತಾರೆ. ಇದೆ ಎಂದಾದರೆ ಪಾರ್ಟ್ ಬಿ ಮುಂದುವರಿಯುತ್ತದೆ.